ಹಳೇ ಮಾರುತಿ, ಮಬ್ಬು ಲೈಟು, ರೋಡಿನ ಮ್ಯಾಲಿನ ರಾಶಿ

ಈ ಸಲ ಬೆಳೆ ಬಗ್ಗೆ ಬರೆಯುವುದಿಲ್ಲ. ಕಡ್ಲಿ ಈಗಷ್ಟೇ ಹೂವಿಗೆ ಬಂದೈತಿ, ಅದರ ಸುದ್ದಿ ಮುಂದಿನ ಸಲ. ಇವತ್ತು ನನ್ನ ಹಳೇ ಕಾರಿನ ಲೈಟಿನ ಬಗ್ಗೆ ಬರೀತೀನಿ. ಕಾರಿನ ಲೈಟಿಗೂ ಒಕ್ಕಲತನಕ್ಕೂ ಏನು ಸಂಬಂಧ ಅಂತ ಕೇಳಬ್ಯಾಡ್ರಿ, ಪೂರ್ತಿ ಓದ್ರಿ. ರೋಡಿನ ಮ್ಯಾಲ ರಾಶಿ ಹಾಕೋರಿಗೂ, ರಾತ್ರಿ ಗಾಡಿ ಓಡಿಸೋರಿಗೂ ಬೇಕಾದ ಮಾತು ಇದು. ನಾನು ಆ ಎರಡೂ ಕೆಲಸ ಮಾಡಿದವ.

ನನ್ನ ಕಾರು 2003ರ ಮಾರುತಿ 800. ಒಂಬತ್ತು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಈ ಗಾಡಿ 1983ರ ಡಿಸೆಂಬರ್‌ನಾಗ ಶುರುವಾಗಿ 2014ಕ್ಕ ಕಂಪನಿಯವರು ಮಾಡೋದು ನಿಲ್ಲಿಸಿದರು. ಆದರೂ ನಮ್ಮ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆ ಇನ್ನೂ ಓಡಾಡ್ತಾವ. ಹಾಲಿನ ಕ್ಯಾನು, ಗೊಬ್ಬರದ ಚೀಲ, ಸ್ಪ್ರೇ ಪಂಪು, ಮದುವಿ ಮಂದಿ, ಎಲ್ಲಾ ಹೊರತೈತಿ. ಹದಿನೈದು ವರ್ಷ ಆದ ಮ್ಯಾಲ ಆರ್‌ಸಿ ಐದೈದು ವರ್ಷಕ್ಕ ರಿನಿವಲ್ ಮಾಡಿಸಬೇಕು, ನಾನು ಎರಡು ಸಲ ಮಾಡಿಸೀನಿ. ಇಂಜಿನ್ ಗಟ್ಟಿ ಐತಿ. ತ್ರಾಸು ಇದ್ದದ್ದು ಲೈಟಿಂದು.

ದೀಪಾವಳಿ ಆಗಿ ಹತ್ತು ಹನ್ನೆರಡು ದಿನ ಆಗಿತ್ತು. ಗಂಗಾವತಿಯಾಗ ಬೀಗರ ಮನಿ ಕಾರ್ಯ ಮುಗಿಸಿಕೊಂಡು ನಾನು, ನಮ್ಮ ಮನಿಯಾಕಿ ಇಬ್ಬರೂ ರಾತ್ರಿ ಹೊಂಟಿದ್ವಿ. ಕೊಪ್ಪಳ ಮುಟ್ಟೋತನಕ ಏನೂ ಅನ್ನಿಸಲಿಲ್ಲ. ದೊಡ್ಡ ರೋಡು, ಪೆಟ್ರೋಲ್ ಬಂಕಿನ ಬೆಳಕು, ಹಿಂದೆ ಮುಂದೆ ಲಾರಿ. ಬ್ಯಾರೆಯವರ ಬೆಳಕಿನ್ಯಾಗ ನಮ್ಮ ಗಾಡಿ ಓಡಿಸಿಕೊಂಡು ಬಂದಂಗ ಆತು. ಕೊಪ್ಪಳ ದಾಟಿ ಯಲಬುರ್ಗಾ ಕಡೆ ಹೊಳ್ಳಿದ ಮ್ಯಾಲ ಗೊತ್ತಾತು, ನನ್ನ ಗಾಡಿಗೆ ಬೆಳಕೇ ಇಲ್ಲ ಅಂತ. ಲೈಟು ಹಳದಿಯಾಗಿ ಕಂದೀಲು ಹಚ್ಚಿದಂಗ. ಹಾರ್ನ್ ಹೊಡೆದರ ಇನ್ನಷ್ಟು ಸಣ್ಣಾಗೋದು.

ಒಂದೂರು ದಾಟಿ ಸ್ವಲ್ಪ ದೂರ ಬಂದಿದ್ವಿ. ಐವತ್ತರ ಸ್ಪೀಡ್ ಇದ್ದೀತು. ಎಡಕ್ಕ ಏನೋ ಕರ್ರಗ ಕಂಡಂಗ ಆತು. ಬ್ರೇಕ್ ಒತ್ತಿದೆ. ಗಾಡಿ ಎಳಕೊಂಡು ಹೋಗಿ ಒಂದು ಕಲ್ಲಿಗೆ ಬಡಿದು ನಿಂತಿತು. ಇಳಿದು ನೋಡಿದರ ರೋಡಿನ ಅರ್ಧಕ್ಕ ಮೆಕ್ಕೆಜೋಳದ ರಾಶಿ, ಮ್ಯಾಲ ತಾಡಪತ್ರಿ, ಅಂಚಿಗೆ ಕಲ್ಲು. ಆ ಕಲ್ಲಿನ ಆಚೆ ಎರಡು ಮೊಳದಾಗ ಕಂಬಳಿ ಹೊದ್ದು ಒಬ್ಬ ಅಜ್ಜ ಮಲಗಿದ್ದ.

ಅಜ್ಜ ಎದ್ದು ಕುಂತ. ಬೈತಾನ ಅಂದ್ಕೊಂಡಿದ್ದೆ, ಬೈಯಲಿಲ್ಲ.

"ಯಾಕೋ ತಮ್ಮಾ, ಕಣ್ಣು ಕಾಣ್ಸಂಗಿಲ್ಲೇನು?" ಅಂದ ಅಷ್ಟ.

ನನಗ ಬಾಯಿ ಬರಲಿಲ್ಲ. ಮೊದಲು ಸಿಟ್ಟು ಬಂತು, ರೋಡೇನು ನಿಮ್ಮಪ್ಪಂದ ಅಂತ ಕೇಳಬೇಕು ಅನ್ನಿಸಿತು. ಆದರ ಹಿಂದಿನ ವರ್ಷ ನಾನೂ ನಮ್ಮೂರ ರೋಡಿನ ಮ್ಯಾಲ ಇದೇ ರೀತಿ ರಾಶಿ ಹಾಕಿ ನಾಕು ರಾತ್ರಿ ಮಲಗಿದ್ದೆ. ಹಂಗ ಸುಮ್ಮನಾದೆ. ಗಾಡಿ ಹತ್ತಿದ ಮ್ಯಾಲ ನಮ್ಮ ಮನಿಯಾಕಿ ಬಹಳ ಹೊತ್ತು ಮಾತಾಡಲಿಲ್ಲ. ಊರು ಹತ್ರ ಬಂದಾಗ ಅಂದಳು: "ಆರು ತಿಂಗಳಾತು ಲೈಟು ಮಬ್ಬದ ಅನ್ನಾಕತ್ತು. ಇವತ್ತು ಆ ಮುದುಕ ಹೋಗಿದ್ದರ ಯಾರಿಗೆ ಹೇಳ್ತಿದ್ರಿ?"

ಲೆಕ್ಕ ಹಾಕಿ ನೋಡ್ರಿ. ಗಂಟೆಗೆ 50 ಕಿ.ಮೀ. ಅಂದ್ರ ಸೆಕೆಂಡಿಗೆ ಸುಮಾರು 14 ಮೀಟರ್. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗಾಕ ಒಂದು ಸೆಕೆಂಡ್ ಬೇಕು. ಆಮ್ಯಾಲ ಟೈರು ಹಿಡಿದು ನಿಲ್ಲಾಕ ಮತ್ತ ಅಷ್ಟೇ ದೂರ. ಕಡಿಮಿ ಅಂದ್ರೂ 28-30 ಮೀಟರ್, ಅಂದ್ರ ನೂರು ಅಡಿ ಹತ್ರ. ರೋಡಿನ ಮ್ಯಾಲ ಕಾಳು ಚೆಲ್ಲಿದ್ರ ಇನ್ನೂ ದೂರ ಜಾರತೈತಿ. ನೂರು ಅಡಿ ಮುಂದ ಕಾಣದ ಲೈಟಿನ್ಯಾಗ ಐವತ್ತರ ಸ್ಪೀಡಿನಾಗ ಹೋಗೋದು ಅಂದ್ರ ಕಣ್ಣು ಕಟ್ಟಿಕೊಂಡು ಹೋದಂಗ.

ಮಾರನೇ ದಿನದಿಂದ ರಿಪೇರಿ ಆಗೋತನಕ ರಾತ್ರಿ ಗಾಡಿ ತಗೀಲಿಲ್ಲ.

ಹಂಗಂತ ಅದಕ್ಕೂ ಮೊದಲು ನಾನೇನು ಸುಮ್ಮನೆ ಕುಂತಿರಲಿಲ್ಲ. ಮಾಡಿದ್ದೆಲ್ಲ ತಪ್ಪು ಮಾಡಿದ್ದೆ, ಅದನ್ನ ಮೊದಲು ಹೇಳ್ತೀನಿ. ನಿಮ್ಮ ರೊಕ್ಕನಾದ್ರೂ ಉಳೀಲಿ.

ಮೊದಲನೇದು, ಬಲ್ಬ್ ಬದಲಿ ಮಾಡಿದೆ. ಗಾಡಿಗೆ ಬರೋದು 60/55 ವ್ಯಾಟಿನ ಬಲ್ಬು. ಅಂಗಡಿಯಾಗ "100/90 ಹಾಕ್ರಿ, ಹಗಲಾದಂಗ ಆಗ್ತೈತಿ" ಅಂದರು. ಹಾಕಿದೆ. ಎರಡು ದಿನ ಸ್ವಲ್ಪ ಜೋರು ಅನ್ನಿಸಿತು. ಆಮ್ಯಾಲ ಮತ್ತ ಅಷ್ಟೇ ಆತು, ಮ್ಯಾಲಾಗಿ ಬಾನೆಟ್ ಕಡೆಯಿಂದ ಪ್ಲಾಸ್ಟಿಕ್ ಸುಟ್ಟ ವಾಸನಿ. ಎರಡನೇದು, ಬ್ಯಾಟರಿ ಬದಲಿ ಮಾಡಿದೆ, ಮೂರು ಸಾವಿರದ ಎಂಟುನೂರು ಹೋತು. ಲೈಟು ಹಂಗೇ ಇತ್ತು. ಮೂರನೇದು, ಫ್ಯೂಸ್ ಪದೇ ಪದೇ ಹೋಗಾಕತ್ತಿತ್ತು ಅಂತ ದಾರಿಯಾಗ ಒಬ್ಬರ ಕಡೆ ತೋರಿಸಿದಾಗ 15ರ ಜಾಗಕ್ಕ 30ರ ಫ್ಯೂಸ್ ಕುಂದ್ರಿಸಿ ಕಳಿಸಿದರು. ನಾನೂ ಪೀಡಾ ಹೋತು ಅಂತ ಬಂದೆ. ಅದು ಎಂಥ ಹುಚ್ಚು ಕೆಲಸ ಅಂತ ಆಮ್ಯಾಲ ತಿಳೀತು. ಫ್ಯೂಸ್ ಇರೋದೇ ವೈರಿನ ಬದಲು ತಾನು ಸುಡಾಕ. ದೊಡ್ಡ ಫ್ಯೂಸ್ ಹಾಕಿದ್ರ ಫ್ಯೂಸ್ ಉಳೀತೈತಿ, ವೈರ್ ಸುಡತೈತಿ.

ನನ್ನ ತಂಗಿ ಮಗ ಐಟಿಐ ಎಲೆಕ್ಟ್ರಿಷಿಯನ್ ಮುಗಿಸ್ಯಾನ. ಬೋರಿನ ಪ್ಯಾನಲ್ ಬೋರ್ಡ್, ಸ್ಟಾರ್ಟರ್ ರಿಪೇರಿ ಮಾಡ್ತಾನ. ರವಿವಾರ ನಮ್ಮ ಹೊಲದ ಮೋಟರ್ ನೋಡಾಕ ಬಂದಿದ್ದ. ಕಾರಿನ ಕಥಿ ಹೇಳಿದೆ. ಅವ ನಕ್ಕ.

"ಮಾವಾ, ಬೋರಿನ ಮೋಟರ್ ಗುಂಯ್ ಅಂದು ನೀರು ಎತ್ತಲಿಲ್ಲ ಅಂದ್ರ ನೀವು ಮೊದಲು ಮೋಟರ್ ಬದಲಿ ಮಾಡ್ತೀರೇನು?"

"ಇಲ್ಲೋ, ವೋಲ್ಟೇಜ್ ನೋಡ್ತೀನಿ."

"ಎಲ್ಲಿ ನೋಡ್ತೀರಿ? ಟಿಸಿ ಹತ್ರನೋ, ನಿಮ್ಮ ಸ್ಟಾರ್ಟರ್ ಹತ್ರನೋ?"

"ಸ್ಟಾರ್ಟರ್ ಹತ್ರ."

"ಮತ್ತ ಕಾರಿಗ್ಯಾಕ ಬ್ಯಾಟರಿ ಹತ್ರ ಅಷ್ಟ ನೋಡಿ ಬಿಟ್ರಿ?"

ಈ ಒಂದು ಮಾತಿನಾಗ ಎಲ್ಲಾ ಐತಿ. ಗಂಗಾವತಿ, ಕಾರಟಗಿ ಕಡೆಯ ಕಾಲುವಿ ರೈತರಿಗೆ ಇದು ಬೇಗ ತಿಳೀತೈತಿ. ಮುನಿರಾಬಾದಿನ್ಯಾಗ ಡ್ಯಾಮು ತುಂಬಿದ್ರೂ ಕೊನೀ ಭಾಗದ ಹೊಲಕ್ಕ ನೀರು ಮುಟ್ಟಲಿಲ್ಲ ಅಂದ್ರ ಡ್ಯಾಮಿಗೆ ಬೈದು ಉಪಯೋಗಿಲ್ಲ, ನಡುವ ಎಲ್ಲಿ ಹೋತು ಅಂತ ನೋಡಬೇಕು.

ಅವ ಬೋರಿಗೆ ಬಳಸೋ ಮಲ್ಟಿಮೀಟರನ್ನ ಡಿಸಿ 20 ವೋಲ್ಟಿಗೆ ಇಟ್ಟ. ಇಂಜಿನ್ ಬಂದ್ ಇದ್ದಾಗ ಬ್ಯಾಟರಿ 12.5 ತೋರಿಸಿತು, ಅದು ಸರಿ. ಇಂಜಿನ್ ಚಾಲೂ ಮಾಡಿ, ಲೈಟ್ ಹಚ್ಚಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ನೋಡಿದ: 13.6. "ಆಲ್ಟರ್ನೇಟರ್ ಛೊಲೋ ಐತಿ. ಇದು 13ರ ಕೆಳಗ ಇದ್ದಿದ್ರ ಅದರ ಬೆಲ್ಟು, ಕಾರ್ಬನ್ ನೋಡಬೇಕಿತ್ತು" ಅಂದ.

ಆಮ್ಯಾಲ ಹೆಡ್‌ಲೈಟಿನ ಹೋಲ್ಡರ್ ಕಿತ್ತು ಅದರ ಪಿನ್ನಿಗೆ ಮೀಟರ್ ಹಚ್ಚಿದ. 13.5 ಬಂತು. "ಇಲ್ಲೂ ಸರಿ ಐತಲ್ಲೋ" ಅಂದೆ. "ತಡೀರಿ ಮಾವಾ" ಅಂತ ಹೋಲ್ಡರನ್ನ ಮತ್ತ ಬಲ್ಬಿಗೆ ಕುಂದ್ರಿಸಿ, ಬಲ್ಬ್ ಉರಿಯುತ್ತಿರುವಾಗಲೇ ಹಿಂದಿನಿಂದ ಮೀಟರಿನ ಮುಳ್ಳು ತೂರಿಸಿ ನೋಡಿದ. 10.9!

ಇದನ್ನ ನೆನಪಿಡ್ರಿ. ಬಲ್ಬ್ ಕಿತ್ತು ನೋಡಿದ್ರ ಮೀಟರ್ ಸುಳ್ಳು ಹೇಳ್ತೈತಿ. ಡ್ರಿಪ್ಪಿನ ವಾಲ್ವ್ ಬಂದ್ ಮಾಡಿ ಪ್ರೆಷರ್ ಗೇಜ್ ನೋಡಿದ್ರ ಪೂರಾ ಪ್ರೆಷರ್ ತೋರಿಸ್ತೈತಿ, ವಾಲ್ವ್ ಬಿಟ್ಟಾಗ ಪೈಪ್ ಕಟ್ಟಿಕೊಂಡದ್ದು ಗೊತ್ತಾಗ್ತೈತಿ. ಇದೂ ಹಂಗ. ಕರೆಂಟ್ ಹರಿಯುವಾಗಲೇ ಅಳೀಬೇಕು.

13.6 ಎಲ್ಲಿ, 10.9 ಎಲ್ಲಿ. 2.7 ವೋಲ್ಟ್ ದಾರಿಯಾಗ ಹೋಗಿತ್ತು. ನೂರಕ್ಕ ಇಪ್ಪತ್ತು. ಇಪ್ಪತ್ತೇ ಅಲ್ಲ ಅಂತ ನನಗ ಅನ್ನಿಸಿತು. ಅವ ತಿಳಿಸಿದ: ವೋಲ್ಟೇಜ್ ನೂರಕ್ಕ ಹತ್ತು ಇಳಿದ್ರ ಈ ಹ್ಯಾಲೋಜನ್ ಬಲ್ಬಿನ ಬೆಳಕು ಸುಮಾರು ಮೂವತ್ತು ಇಳೀತೈತಿ. ಇಪ್ಪತ್ತು ಇಳಿದ್ರ ಅರ್ಧಕ್ಕಿಂತ ಹೆಚ್ಚು ಹೋಗ್ತೈತಿ. ಬಲ್ಬಿನ ತಂತಿ ಬಿಳಿ ಬಣ್ಣಕ್ಕ ಕಾಯದ ಹಳದಿಯಾಗೇ ಉಳೀತೈತಿ, ಅದಕ್ಕ ಕಂದೀಲಿನಂಗ ಕಾಣೋದು.

ನಾನು 100/90 ಹಾಕಿದ್ದು ಯಾಕ ತಪ್ಪು ಅಂತನೂ ಆಗ ತಿಳೀತು. 60 ವ್ಯಾಟಿನ ಎರಡು ಬಲ್ಬ್ ಹೈ ಬೀಮಿನಾಗ ಸುಮಾರು 10 ಆಂಪಿಯರ್ ಎಳೀತಾವ. 100 ವ್ಯಾಟಿನ ಎರಡು 16-17 ಎಳೀತಾವ. ದಾರಿ ಮೊದಲೇ ಇಕ್ಕಟ್ಟು, ಅದರಾಗ ಹೆಚ್ಚು ನೂಕಿದ್ರ ದಾರಿಯಾಗೇ ಇನ್ನೂ ಹೆಚ್ಚು ಹೋಗ್ತೈತಿ, ವೈರು ಕಾಯ್ತೈತಿ. ಹೋಲ್ಡರ್ ತಗದು ನೋಡಿದ್ರ ಒಂದು ಮೂಲಿ ಕಂದು ಬಣ್ಣಕ್ಕ ಬಂದು ಕರಗಿತ್ತು. ಇನ್ನೊಂದು ತಿಂಗಳು ಬಿಟ್ಟಿದ್ರ ಬೆಂಕೀನ ಹತ್ತುತಿತ್ತೋ ಏನೋ.

ಹೋದ ವೋಲ್ಟ್ ಹುಡುಕೋದು ಎರಡು ಅಳತಿ. ಲೈಟ್ ಹಚ್ಚೇ ಇರಬೇಕು. ಮೀಟರಿನ ಒಂದು ಮುಳ್ಳು ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಬಲ್ಬಿನ ಪ್ಲಸ್ ಪಿನ್ನಿಗೆ. ನಮ್ಮದು 1.6 ತೋರಿಸಿತು. ಆಮ್ಯಾಲ ಒಂದು ಮುಳ್ಳು ಬಲ್ಬಿನ ಅರ್ಥ್ ಪಿನ್ನಿಗೆ, ಇನ್ನೊಂದು ಬ್ಯಾಟರಿ ಮೈನಸ್ಸಿಗೆ. 1.1 ತೋರಿಸಿತು. ಎರಡೂ ಕೂಡಿಸಿದ್ರ 2.7. ಲೆಕ್ಕ ಬರೋಬ್ಬರಿ ಆತು.

ಮೊದಲು ಅರ್ಥ್ ಹಿಡಿದ್ವಿ, ಯಾಕಂದ್ರ ಅದು ಪುಕ್ಕಟೆ ಕೆಲಸ. ಕಾರಿನ್ಯಾಗ ಹೊಳ್ಳಿ ಹೋಗಾಕ ಬ್ಯಾಟರಿತನಕ ಬ್ಯಾರೆ ವೈರ್ ಇರಂಗಿಲ್ಲ, ಬಾಡಿಯ ತಗಡೇ ದಾರಿ. ಇಪ್ಪತ್ತು ವರ್ಷದ ತಗಡು, ಮಳಿ, ಧೂಳು. ಅರ್ಥ್ ವೈರ್ ಬಾಡಿಗೆ ಕೂಡೋ ಸ್ಕ್ರೂ ತಗದ್ರ ಕೆಳಗ ಪೂರಾ ತುಕ್ಕು. ಪಾಲಿಶ್ ಪೇಪರ್ ಹಾಕಿ ತಗಡು ಹೊಳೆಯೋತನಕ ತಿಕ್ಕಿ, ಹೊಸ ರಿಂಗ್ ಟರ್ಮಿನಲ್ ಹಾಕಿ ಬಿಗಿದು, ಮ್ಯಾಲ ಗ್ರೀಸ್ ಸವರಿದ್ವಿ. ಬ್ಯಾಟರಿ ಮೈನಸ್ಸಿನಿಂದ ಬಾಡಿಗೆ, ಇಂಜಿನ್ನಿಗೆ ಹೋಗೋ ದಪ್ಪ ವೈರಿನ ಎರಡೂ ತುದಿ ಹಂಗೇ ಸ್ವಚ್ಛ ಮಾಡಿದ್ವಿ. ಟರ್ಮಿನಲ್ಲಿನ ಮ್ಯಾಲ ಬೆಳೆದಿದ್ದ ಬಿಳಿ ಹಸರು ಪುಡಿಯನ್ನ ಬಿಸಿ ನೀರಿಗೆ ಅಡಿಗಿ ಸೋಡಾ ಕಲಸಿ ತೊಳೆದ್ವಿ. ತೊಳಿಯುವಾಗ ಟರ್ಮಿನಲ್ ಬಿಚ್ಚಿರಬೇಕು, ಮೈನಸ್ ಮೊದಲು ಬಿಚ್ಚಬೇಕು, ಕೊನೆಗೆ ಹಚ್ಚಬೇಕು. ಸೋಡಾ ನೀರು ಬ್ಯಾಟರಿ ಒಳಗ ಹೋಗಬಾರದು. ಮತ್ತ ಅಳೆದ್ವಿ. 1.1 ಇದ್ದದ್ದು 0.1ಕ್ಕ ಇಳೀತು. ಒಂದು ರೂಪಾಯಿ ಖರ್ಚಿಲ್ಲದ ಕೆಲಸಕ್ಕ ಆಗಲೇ ಬೆಳಕಿನ ಬಣ್ಣ ಬದಲಾಗಿತ್ತು.

ಇನ್ನ ಪ್ಲಸ್ ಕಡೆ. ನನ್ನ ಗಾಡಿಯಾಗ ಹೆಡ್‌ಲೈಟಿನ ಪೂರಾ ಕರೆಂಟ್ ಬ್ಯಾಟರಿಯಿಂದ ಒಳಗ ಸ್ಟೇರಿಂಗ್ ಹತ್ರದ ಸ್ವಿಚ್‌ತನಕ ಹೋಗಿ, ಮತ್ತ ಹೊರಗ ಬಲ್ಬಿಗೆ ಬರ್ತಿತ್ತು. ಉದ್ದ ದಾರಿ, ಸಣ್ಣ ವೈರು, ಸವೆದ ಸ್ವಿಚ್. ಇದಕ್ಕ ಉಪಾಯ ರಿಲೇ. ಬೋರಿನ ಸ್ಟಾರ್ಟರ್ ಗೊತ್ತಿದ್ದವರಿಗೆ ರಿಲೇ ಹೇಳೋದು ಸಲೀಸು. ಹಸರು ಬಟನ್ ಮೋಟರಿನ ಕರೆಂಟ್ ಹೊರಂಗಿಲ್ಲ, ಕಾಯಿಲ್ ಎಳೀತೈತಿ ಅಷ್ಟ. ದೊಡ್ಡ ಕರೆಂಟ್ ಕಾಂಟ್ಯಾಕ್ಟ್ ಮ್ಯಾಲ ಹೋಗ್ತೈತಿ. ರಿಲೇನೂ ಅದೇ, ಬೆಂಕಿಪೊಟ್ಟಣದಷ್ಟು ಸಣ್ಣದು. 30ನೇ ಪಿನ್ನಿಗೆ ಬ್ಯಾಟರಿ ಪ್ಲಸ್ಸಿನಿಂದ ಫ್ಯೂಸ್ ಮೂಲಕ ವೈರ್, 87ರಿಂದ ಬಲ್ಬಿಗೆ, 85 ಮತ್ತು 86 ಕಾಯಿಲ್‌ದು, ಅದನ್ನ ಹಳೇ ಲೈಟಿನ ವೈರೇ ಎಳೀತೈತಿ. ಹೈಗೆ ಒಂದು, ಲೋಗೆ ಒಂದು ರಿಲೇ. 2.5 ಸ್ಕ್ವೇರ್ ಎಂಎಂ ವೈರ್, ಬ್ಯಾಟರಿ ಹತ್ರನೇ 15ರ ಎರಡು ಫ್ಯೂಸ್, ಬಲ್ಬಿಗೆ ಸಿರಾಮಿಕ್ ಹೋಲ್ಡರ್. ಬಲ್ಬ್ ಮತ್ತ 60/55. ಒಳಗಿದ್ದ 30ರ ಫ್ಯೂಸ್ ತಗದು ಮೊದಲಿನಂಗ 15 ಹಾಕಿದ್ವಿ.

ಹಳೇ ಗಾಡಿಯಾಗ ಎಲ್ಲಾ ಕಂಪನಿಯವರ ವೈರಿಂಗ್ ಒಂದೇ ರೀತಿ ಇರಂಗಿಲ್ಲ. ಕೆಲವು ಗಾಡಿಯಾಗ ಸ್ವಿಚ್ ಅರ್ಥ್ ಕಡೆ ಇರ್ತೈತಿ. ಅದಕ್ಕ ರಿಲೇ ಕೆಲಸ ಗೊತ್ತಿದ್ದವರ ಕಡೆಯಿಂದನೇ ಮಾಡಿಸ್ರಿ. ಅಳೆಯೋದು, ಅರ್ಥ್ ಸ್ವಚ್ಛ ಮಾಡೋದು ಮಾತ್ರ ನಾವು ನೀವು ಯಾರೂ ಮಾಡಬಹುದು.

ಎಲ್ಲಾ ಮುಗಿಸಿ ಅಳೆದ್ರ ಬಲ್ಬಿನ ಹತ್ರ 13.2. ಸಾಮಾನಿಗೆ ಖರ್ಚಾದದ್ದು ಒಂಬೈನೂರರ ಹತ್ರ. ಅದಕ್ಕೂ ಮೊದಲು ಬ್ಯಾಟರಿ, ಬಲ್ಬ್ ಅಂತ ನಾನು ಕಳಕೊಂಡದ್ದು ನಾಕೂವರೆ ಸಾವಿರ.

ಅದೇ ದಿನ ಇನ್ನೆರಡು ಪೀಡಾ ಹೋದವು, ಅವನ್ನೂ ಹೇಳ್ತೀನಿ. ಬ್ರೇಕ್ ಒತ್ತಿದಾಗ ಹಿಂದಿನ ಇಂಡಿಕೇಟರ್ ಮಿಣಮಿಣ ಅಂತಿತ್ತು. ಅದೂ ಅರ್ಥಿಂದೇ ಆಟ. ಹಿಂದಿನ ಲೈಟಿನ ಅರ್ಥ್ ಕೆಟ್ಟಾಗ ಬ್ರೇಕ್ ಲೈಟಿನ ಕರೆಂಟ್ ಹೊಳ್ಳಿ ಹೋಗಾಕ ದಾರಿ ಸಿಗದ ಬಾಜೂ ಬಲ್ಬಿನೊಳಗ ಹಾದು ಹೋಗ್ತೈತಿ. ಒಂದು ಒತ್ತಿದ್ರ ಇನ್ನೊಂದು ಉರಿದ್ರ ಮೊದಲು ಅರ್ಥ್ ನೋಡ್ರಿ.

ಎರಡನೇದು, ನಾಕು ದಿನ ನಿಲ್ಲಿಸಿದ್ರ ಗಾಡಿ ಚಾಲೂ ಆಗ್ತಿರಲಿಲ್ಲ. ಚಾವಿ ತಗದು, ಬಾಗಲ ಹಾಕಿ, ಬ್ಯಾಟರಿ ಮೈನಸ್ ಬಿಚ್ಚಿ, ಮೀಟರನ್ನ 10 ಆಂಪಿಯರಿಗೆ ಇಟ್ಟು ನಡುವ ಹಚ್ಚಿದ್ವಿ. 0.4 ತೋರಿಸಿತು. ಎಲ್ಲಾ ಬಂದ್ ಇದ್ದಾಗ ಇಂಥ ಗಾಡಿಗೆ 0.05 ದಾಟಬಾರದು. ದಿನಕ್ಕ 24 ತಾಸು ಅಂದ್ರ ಸುಮಾರು 10 ಆಂಪಿಯರ್ ತಾಸು ಸೋರಿತು. ನಮ್ಮದು 35ರ ಬ್ಯಾಟರಿ, ಮೂರ್ನಾಕು ದಿನಕ್ಕ ಖಾಲಿ. ಒಂದೊಂದೇ ಫ್ಯೂಸ್ ಕಿತ್ತು ನೋಡಿದ್ರ ಟೇಪಿನ ಫ್ಯೂಸ್ ಕಿತ್ತಾಗ ಸೊನ್ನಿಗೆ ಬಂತು. ಹಿಂದೆ ಯಾರೋ ಟೇಪನ್ನ ಚಾವಿ ದಾಟಿಸಿ ನೇರ ಕೂಡಿಸಿದ್ರು. ಹೀಂಗ ಮೀಟರ್ ಹಚ್ಚಿದಾಗ ಗಾಡಿ ಚಾಲೂ ಮಾಡಬಾರದು, ಹೆಡ್‌ಲೈಟ್ ಹಚ್ಚಬಾರದು, ಮೀಟರ್ ಹೋಗ್ತೈತಿ.

ಇಲಿ ಕಾಟ ಇದ್ದವರು ಬಾನೆಟ್ ಒಳಗೂ ಒಮ್ಮೆ ಇಣುಕ್ರಿ. ಕಣಜದ ಬಾಜೂ ಗಾಡಿ ನಿಲ್ಲಿಸಿದ್ರ ಕಾಳು ತಿಂದು ಬಂದ ಇಲಿ ವೈರ್ ಕಡೀತಾವ. ನಮ್ಮ ಗಾಡಿಯಾಗ ಒಂದು ವೈರಿನ ತೊಗಟಿ ಸುಲಿದು ಬಾಡಿಗೆ ತಾಗ್ತಿತ್ತು. ಪದೇ ಪದೇ ಫ್ಯೂಸ್ ಹೋಗ್ತಿದ್ದದ್ದು ಅದಕ್ಕ. ಫ್ಯೂಸ್ ಖರೇ ಹೇಳ್ತಿತ್ತು, ನಾನು ಅದರ ಬಾಯಿ ಮುಚ್ಚಿಸಿದ್ದೆ.

ಕೊನೆಗೆ ಲೈಟಿನ ನೋಟ ಸರಿ ಮಾಡೋದು. ಸಪಾಟ ಜಾಗದಾಗ ಗ್ವಾಡಿಗೆ 25 ಅಡಿ ದೂರ ಗಾಡಿ ನಿಲ್ಲಿಸಿ ಲೋ ಹಚ್ಚಿದ್ರ ಬೆಳಕಿನ ಅಂಚು ಲೈಟಿನ ಎತ್ತರಕ್ಕಿಂತ ನಾಕು ಬೆರಳು ಕೆಳಗ ಬೀಳಬೇಕು. ಹಿಂದೆ ಎರಡು ಚೀಲ ಶೇಂಗಾ ಹಾಕಿದ್ರ ಮೂತಿ ಎದ್ದು ಬೆಳಕು ಎದುರಿನವರ ಕಣ್ಣಿಗೆ ಹೋಗ್ತೈತಿ, ಅದನ್ನೂ ಲೆಕ್ಕಕ್ಕ ತಗೋರಿ. ಹ್ಯಾಲೋಜನ್ ಡೂಮಿನ್ಯಾಗ ಎಲ್‌ಇಡಿ ಬಲ್ಬ್ ತುರುಕಬ್ಯಾಡ್ರಿ. ಬೆಳಕು ಚೆದುರಿ ಎದುರಿನ ಬೈಕಿನವನ ಕಣ್ಣು ಕತ್ತಲಿ ಮಾಡ್ತೈತಿ. ನಮಗ ಕಾಣಬೇಕು ಅಂತ ಅವನನ್ನ ಕುರುಡ ಮಾಡೋದು ನ್ಯಾಯ ಅಲ್ಲ.

ರಿಪೇರಿ ಆಗಿ ಮೂರು ದಿನಕ್ಕ ಸಂಜೀಗೆ ಆ ರೋಡಿಗೆ ಹೋದೆ. ಬೇಕಂತಲೇ ಹೋದೆ. ರಾಶಿ ಇನ್ನೂ ಇತ್ತು, ಅಜ್ಜ ಚೀಲ ತುಂಬಾಕತ್ತಿದ್ದ. ಈ ಸಲ ದೂರದಿಂದನೇ ಕಲ್ಲು ಕಂಡವು. ಇಳಿದು ನಮಸ್ಕಾರ ಮಾಡಿದೆ. ಗುರುತು ಹಿಡಿದ.

"ಏನೋ ತಮ್ಮಾ, ಕಣ್ಣು ಬಂದಾವೇನು?"

"ಬಂದಾವ ಯಜ್ಜಾ. ಆದರ ನೀ ರೋಡಿನ ಕಡೆ ಮಲಗಬ್ಯಾಡ, ಹೊಲದ ಕಡೆ ಮಲಗು."

"ಹೊಲದ ಕಡೆ ಮಲಗಿದ್ರ ರೋಡಿನ ಕಡೆ ಚೀಲ ತುಂಬಿಕೊಂಡು ಹೋಗ್ತಾರಲ್ಲೋ. ನಮಗೇನು ಕಣ ಐತೇನು?"

ನನ್ನ ಕಡೆ ಉತ್ತರ ಇರಲಿಲ್ಲ. ನಮ್ಮ ಕಡೆ ಹೊಲದಾಗ ಕಣ ಮಾಡೋ ರೂಢಿ ಹೋಗಿ ಎಷ್ಟೋ ವರ್ಷ ಆತು. ರೋಡು ಸಪಾಟ, ಬಿಸಿ, ಪುಕ್ಕಟೆ. ಅಜ್ಜಂದು ತಪ್ಪು ಅಂತ ಹೇಳಾಕ ನಾನ್ಯಾರು? ಗಾಡಿಯಾಗ ಉಳಿದಿದ್ದ ಕೆಂಪು ರಿಫ್ಲೆಕ್ಟರ್ ಟೇಪ್ ತಗದು ಎರಡೂ ತುದಿಯ ಕಲ್ಲಿಗೆ ಅಂಟಿಸಿ ಬಂದೆ. ಹಂಗೇ ಬೆಳಕು ಹಾಕಿ ನೋಡಿದ್ರ ನಿಗಿನಿಗಿ ಹೊಳೆದವು. ಅಜ್ಜ ನಕ್ಕ.

ಈ ವರ್ಷ ನನ್ನ ಮೆಕ್ಕೆಜೋಳ ರೋಡಿಗೆ ತರಲಿಲ್ಲ. ಹೊಲದಾಗೇ ಎರಡು ತಾಡಪತ್ರಿ ಹಾಸಿ ಒಣಗಿಸಿದೆ, ಮೂರು ದಿನ ಹೆಚ್ಚು ಹಿಡೀತು. ನೀವು ರೋಡಿಗೆ ಹಾಕಲೇಬೇಕಂದ್ರ ಎರಡೂ ತುದಿಗೆ ರಿಫ್ಲೆಕ್ಟರ್ ಟೇಪ್ ಅಂಟಿಸ್ರಿ, ಕರೇ ತಾಡಪತ್ರಿ ಬಿಟ್ಟು ಬಿಳೇದು ಹೊದಿಸ್ರಿ. ಟ್ರ್ಯಾಕ್ಟರ್ ಟ್ರೇಲರಿನ ಹಿಂದೂ ಟೇಪ್ ಹಚ್ಚಿರಿ.

ಗವಿಮಠದ ಜಾತ್ರಿ ಬಂತು. ರಾತ್ರಿ ರೋಡಿನ ಮ್ಯಾಲ ಚಕ್ಕಡಿ, ಟ್ರ್ಯಾಕ್ಟರ್, ನಡಕೊಂಡು ಹೋಗೋ ಮಂದಿ ತುಂಬಿರ್ತಾರ. ಹುಣ್ಣಿವಿಗೆ ಹುಲಿಗಿಗೆ ನಡಕೊಂಡು ಹೋಗೋರಂತೂ ಎಲ್ಲಾ ತಿಂಗಳೂ ಇರ್ತಾರ. ಅದಕ್ಕೂ ಮೊದಲು ಒಂದು ಸಂಜಿ ನಿಮ್ಮ ಗಾಡಿ ಬಾನೆಟ್ ಎತ್ರಿ. ಮೀಟರ್ ಇಲ್ಲದವರು ರವಿವಾರ ಮುಂಜಾನೆ ನಮ್ಮ ಹೊಲದ ಕಡೆ ಬರ್ರಿ. ನಾನೂ ಒಂದು ಮೀಟರ್ ತಂದೀನಿ, ಅಳೆದು ಹೇಳ್ತೀನಿ. ಚಹಾ ನಮ್ಮ ಮನಿಯಾಕಿ ಕೊಡ್ತಾಳ.

ಕರೆಂಟ್ ಬರೋ ಹೊತ್ತಾತು, ಮೆಣಸಿನಗಿಡಕ್ಕ ನೀರು ಬಿಡಬೇಕು. ಬರ್ತೀನ್ರಿ.